ಹಗ್ಗ ಹೋಯಿತು, ಗುರುತು ಉಳಿಯಿತು

'ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ' ಅನ್ನೋ ಗಾದೆ ಎಲ್ಲರಿಗೂ ಗೊತ್ತು. ಆದರೆ ಭೂಮಿ ಅಗೆದು ಹಳೇ ಕಾಲ ಹುಡುಕುವವರನ್ನು ಕೇಳಿದರೆ ಗಾದೆ ಅಲ್ಲಿಗೆ ಮುಗಿಯೋದಿಲ್ಲ ಅಂತಾರೆ. ದೊಣ್ಣೆ ಬಿದ್ದಾಗ ಹಾಳಾಗೋದು ಮಡಕೆ ಮಾತ್ರ, ಮಡಕೆಯ ಚೂರಲ್ಲ. ಬೆಂದ ಮಣ್ಣು ಕೊಳೆಯಲ್ಲ, ತುಕ್ಕು ಹಿಡಿಯಲ್ಲ, ಗೆದ್ದಲು ತಿನ್ನಲ್ಲ. ಚಿನ್ನ ತಾಮ್ರದ ಹಾಗೆ ಕರಗಿಸಿ ಇನ್ನೊಂದು ಮಾಡಿಕೊಳ್ಳೋಣ ಅಂದರೂ ಆಗಲ್ಲ. ಹಾಗಾಗಿ ಒಡೆದ ಮೇಲೆ ತಿಪ್ಪೆಗೆ ಬಿದ್ದ ಚೂರು ಹತ್ತು ಸಾವಿರ ವರ್ಷ ಆದರೂ ಅಲ್ಲೇ ಬಿದ್ದಿರುತ್ತೆ.

ಈಗ ಇದರ ಪಕ್ಕದಲ್ಲಿ ಹಗ್ಗವನ್ನು ಇಟ್ಟು ನೋಡಿ. ಒಂದು ಹಳೇ ಒಕ್ಕಲು ಮನೆಯನ್ನು ನೆನಪು ಮಾಡಿಕೊಳ್ಳಿ. ದನ ಕಟ್ಟುವ ಕಣ್ಣಿ, ಮೂಗುದಾರ, ಕಣದಲ್ಲಿ ಎತ್ತು ಕಾಳಿಗೆ ಬಾಯಿ ಹಾಕದಂತೆ ಕಟ್ಟುವ ಬಾಯಿಕುಕ್ಕೆ, ಬಾವಿ ಹಗ್ಗ, ಮಜ್ಜಿಗೆ ಕಡೆಯುವ ಹಗ್ಗ, ಬೆಣ್ಣೆ ಗಡಿಗೆ ಬೆಕ್ಕಿಗೆ ಸಿಗದಂತೆ ಜಂತಿಗೆ ತೂಗುಬಿಟ್ಟ ನೆಲವು, ತಲೆ ಮೇಲಿನ ಕೊಡಕ್ಕೆ ಸಿಂಬೆ, ಈಚಲು ಚಾಪೆ, ಮೊರ, ಬಿದಿರು ಹೆಣೆದು ಸೆಗಣಿ ಬಳಿದ ಕಣಜ. ಹೊಸೆದದ್ದು, ಹೆಣೆದದ್ದು, ನೇಯ್ದದ್ದು ಇಲ್ಲದೆ ಬೇಸಾಯದ ಒಂದು ದಿನವೂ ನಡೆಯುತ್ತಿರಲಿಲ್ಲ. ಆ ಮನೆ ಪಾಳುಬಿದ್ದು ನೂರು ಮಳೆಗಾಲ ಕಳೆಯಿತು ಅಂತಿಟ್ಟುಕೊಳ್ಳಿ. ಬೀಸುಕಲ್ಲು ಇರುತ್ತೆ, ಗಡಿಗೆ ಚೂರು ಇರುತ್ತೆ, ತುಕ್ಕು ಹಿಡಿದ ನೇಗಿಲಿನ ಕುಳ ಇರಬಹುದು. ಹೊಸೆದದ್ದು ಹೆಣೆದದ್ದು ಒಂದೂ ಇರಲ್ಲ.

ನಾವು ಶಾಲೆಯಲ್ಲಿ ಓದಿದ ಯುಗಗಳ ಹೆಸರು ಹುಟ್ಟಿದ್ದೇ ಹೀಗೆ. ಕೋಪನ್‌ಹೇಗನ್ ಮ್ಯೂಸಿಯಂ ನೋಡಿಕೊಳ್ಳುತ್ತಿದ್ದ ಸಿ. ಜೆ. ಥಾಮ್ಸನ್ ಅನ್ನುವವರು ಸಂಗ್ರಹದಲ್ಲಿದ್ದ ವಸ್ತುಗಳನ್ನು ಕಲ್ಲು, ಕಂಚು, ಕಬ್ಬಿಣ ಅಂತ ಮೂರು ಗುಂಪು ಮಾಡಿ ಜೋಡಿಸಿದರು. 1836ರಲ್ಲಿ ಅದು ಪುಸ್ತಕವಾಗಿ ಬಂತು. ಅಲ್ಲಿಂದ ಮುಂದೆ ಮನುಷ್ಯನ ಚರಿತ್ರೆ ಅಂದರೆ ಶಿಲಾಯುಗ, ಕಂಚಿನ ಯುಗ, ಕಬ್ಬಿಣದ ಯುಗ. ಜನ ಏನನ್ನು ಹೆಚ್ಚು ಬಳಸುತ್ತಿದ್ದರು ಅನ್ನೋದಕ್ಕಿಂತ ಏನು ಉಳಿಯಿತು ಅನ್ನೋದರ ಮೇಲೆ ಇಟ್ಟ ಹೆಸರುಗಳಿವು. ಕಲ್ಲಿನ ಕೊಡಲಿಯನ್ನು ಹಿಡಿಗೆ ಬಿಗಿಯಲಿಕ್ಕೂ ಏನಾದರೊಂದು ಸುತ್ತಿ ಕಟ್ಟಬೇಕಿತ್ತಲ್ವಾ? ಹಾಗಂತ ಹಗ್ಗದ ಯುಗ ಅಂತ ಯಾರೂ ಕರೆಯಲಿಲ್ಲ.

ಹಾಗಾದರೆ ಹಗ್ಗದ ಚರಿತ್ರೆ ಪೂರ್ತಿ ಅಳಿಸಿಹೋಯಿತಾ? ಇಲ್ಲ. ಅದನ್ನು ಉಳಿಸಿಕೊಟ್ಟಿದ್ದು ಮಣ್ಣು. ಹಸಿ ಮಣ್ಣಿಗೆ ಏನು ತಾಗಿದರೂ ಅಚ್ಚು ಬೀಳುತ್ತೆ, ಬೆಂಕಿಗೆ ಹಾಕಿದರೆ ಆ ಅಚ್ಚು ಕಾಯಂ ಆಗುತ್ತೆ. ನನ್ನ ಕೆಲಸದ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಬ್ಯಾಕಪ್. ಮೂಲ ಕಡತ ಅಳಿದುಹೋಗಿದೆ, ಯಾರೂ ಬೇಕಂತ ತೆಗೆದಿಡದ ಪ್ರತಿ ಮಾತ್ರ ಉಳಿದಿದೆ.

ಇದರ ಅತಿ ಹಳೆಯ ಉದಾಹರಣೆಗಳಲ್ಲಿ ಒಂದು ಈಗಿನ ಚೆಕ್ ದೇಶದ ಡೋಲ್ನಿ ವೆಸ್ಟೊನಿಟ್ಸೆ ಅನ್ನುವ ಜಾಗದ್ದು. 26 ಸಾವಿರ ವರ್ಷಕ್ಕೂ ಹಿಂದೆ ಆನೆಯಂಥ ಮ್ಯಾಮತ್‌ಗಳ ನಡುವೆ ಬದುಕಿದ್ದ ಬೇಟೆಗಾರರ ಬೀಡು ಅದು. ಅಲ್ಲಿ 1925ರಲ್ಲಿ ಸುಟ್ಟ ಮಣ್ಣಿನ ಒಂದು ಹೆಣ್ಣಿನ ಗೊಂಬೆ ಸಿಕ್ಕಿತು. ಅವರು ಮಡಕೆ ಮಾಡುತ್ತಿರಲಿಲ್ಲ, ಆದರೆ ಮಣ್ಣು ಸುಡುವುದು ಗೊತ್ತಿತ್ತು. ಗೊಂಬೆಯ ಜೊತೆ ಸುಟ್ಟ ಮಣ್ಣಿನ ಸಾವಿರಾರು ಚಿಕ್ಕ ಉಂಡೆ, ತುಂಡುಗಳೂ ಸಿಕ್ಕಿದ್ದವು. ಗೊಂಬೆ ಜಗತ್ಪ್ರಸಿದ್ಧವಾಯಿತು, ತುಂಡುಗಳನ್ನು ಯಾರೂ ಅಷ್ಟಾಗಿ ನೋಡಲಿಲ್ಲ. 1990ರ ದಶಕದಲ್ಲಿ ಓಲ್ಗಾ ಸೋಫರ್, ಜೇಮ್ಸ್ ಅಡೊವೇಸಿಯೊ ಮತ್ತು ಅವರ ಜೊತೆಗಾರರು ಆ ತುಂಡುಗಳನ್ನು ಭೂತಗನ್ನಡಿ ಹಿಡಿದು ನೋಡಿದಾಗ ಕೆಲವುಗಳ ಮೇಲೆ ಎಳೆ ಎಳೆಯಾಗಿ ಗೆರೆಗಳು ಕಂಡವು. ಹೊಸೆದ ದಾರ, ಗಂಟು ಹಾಕಿದ ಬಲೆ, ನೇಯ್ದ ಬಟ್ಟೆ, ಹೆಣೆದ ಬುಟ್ಟಿ. ಬೇಸಾಯ ಶುರುವಾಗೋಕೆ ಇನ್ನೂ ಹದಿನೈದು ಸಾವಿರ ವರ್ಷ ಇರುವಾಗಲೇ ಮನುಷ್ಯರು ಬಟ್ಟೆ ನೇಯುತ್ತಿದ್ದರು ಅನ್ನೋದಕ್ಕೆ ಸಾಕ್ಷಿ ಇದು.

ಆದರೆ ಇದು ಅಕಸ್ಮಾತ್ತಾಗಿ ಬಿದ್ದ ಗುರುತು. ಹಗ್ಗವನ್ನೇ ಉಪಕರಣ ಮಾಡಿಕೊಂಡು ಮಣ್ಣಿನ ಮೇಲೆ ಒತ್ತಿದವರ ಕತೆ ಇನ್ನೂ ಚೆನ್ನಾಗಿದೆ.

1877ರಲ್ಲಿ ಅಮೆರಿಕದ ಎಡ್ವರ್ಡ್ ಮೋರ್ಸ್ ಜಪಾನಿಗೆ ಬಂದಿಳಿದರು. ತಂತಿ ಸಂಕೇತದ ಮೋರ್ಸ್ ಅಲ್ಲ, ಇವರು ಪ್ರಾಣಿಶಾಸ್ತ್ರದವರು, ಚಿಪ್ಪಿನ ಪ್ರಾಣಿಗಳನ್ನು ಓದಲಿಕ್ಕೆ ಬಂದವರು. ಯೊಕೊಹಾಮಾದಿಂದ ಟೋಕಿಯೊಗೆ ರೈಲಿನಲ್ಲಿ ಹೋಗುವಾಗ ಓಮೊರಿ ಅನ್ನೋ ಕಡೆ ಹಳಿಗಾಗಿ ಕಡಿದ ದಿಣ್ಣೆಯಲ್ಲಿ ಚಿಪ್ಪಿನ ಪದರ ಕಿಟಕಿಯಿಂದಲೇ ಕಾಣಿಸಿತಂತೆ. ಅಗೆಸಿದರು. ಹಳೇ ಕಾಲದವರು ತಿಂದು ಎಸೆದ ಚಿಪ್ಪಿನ ರಾಶಿಯ ಜೊತೆ ಮಡಕೆ ಚೂರುಗಳು ಸಿಕ್ಕವು, ಅವುಗಳ ಮೈತುಂಬ ಹಗ್ಗದ ಗುರುತು. 1879ರ ತಮ್ಮ ವರದಿಯಲ್ಲಿ ಅವರು 'ಹಗ್ಗದ ಗುರುತಿನ ಮಡಕೆ' ಅಂತ ಬರೆದರು. ಅದೇ ಮಾತು ಜಪಾನಿಯಲ್ಲಿ 'ಜೋಮೊನ್' ಆಗಿ, ಆಮೇಲೆ ಸುಮಾರು ಹದಿಮೂರು ಸಾವಿರ ವರ್ಷಗಳ ಒಂದು ಇಡೀ ಕಾಲಘಟ್ಟಕ್ಕೇ ಹೆಸರಾಯಿತು.

ಆ ಗುರುತು ಹೇಗೆ ಬಿತ್ತು ಅನ್ನೋದು ಮಾತ್ರ ತುಂಬ ದಿನ ಒಗಟಾಗೇ ಇತ್ತು. ಬಟ್ಟೆ ಒತ್ತಿದರೋ, ಬುಟ್ಟಿಯೊಳಗೆ ಮಡಕೆ ಮಾಡಿದರೋ? ಯಾಮಾನೋಚಿ ಸುಗಾವೊ ಅನ್ನೋ ವಿದ್ವಾಂಸರು 1930ರ ದಶಕದ ಆರಂಭದಲ್ಲಿ ಉತ್ತರ ಕಂಡುಕೊಂಡರು. ಚಿಕ್ಕದೊಂದು ಹೊಸೆದ ಹಗ್ಗದ ತುಂಡನ್ನು ಹಸಿ ಮಣ್ಣಿನ ಮೇಲೆ ಅಂಗೈಯಿಂದ ಉರುಳಿಸುತ್ತಿದ್ದರು, ಅಷ್ಟೇ. ನಂಬಿಕೆ ಇಲ್ಲದಿದ್ದರೆ ಚಪಾತಿ ಹಿಟ್ಟಿನ ಮೇಲೆ ಮಾಡಿ ನೋಡಿ. ಎರಡೆಳೆ ಹುರಿ ಒಂದು ಗೇಣು ತಗೊಂಡು ಲಟ್ಟಣಿಗೆ ಥರ ಉರುಳಿಸಿ. ಓರೆಯಾಗಿ ಸಾಲುಸಾಲು ಭತ್ತದ ಕಾಳು ಒತ್ತಿದ ಹಾಗೆ ಗುರುತು ಬೀಳುತ್ತೆ. ಬಲಕ್ಕೆ ಹೊಸೆದ ಹಗ್ಗ ಒಂದು ಸಲ, ಎಡಕ್ಕೆ ಹೊಸೆದದ್ದು ಇನ್ನೊಂದು ಸಲ ಉರುಳಿಸಿದರೆ ಹಕ್ಕಿಯ ಗರಿಯ ಹಾಗೆ ವಿನ್ಯಾಸ ಬರುತ್ತೆ. ನಡುವೆ ಗಂಟು ಹಾಕಿದರೆ ಇನ್ನೊಂದು. ಎಳೆ ಎಷ್ಟು, ಹೊಸೆತ ಯಾವ ಕಡೆಗೆ, ಎಷ್ಟು ಬಿಗಿ ಅನ್ನೋದನ್ನು ಬದಲಾಯಿಸುತ್ತಾ ಹೋದರೆ ವಿನ್ಯಾಸಗಳಿಗೆ ಕೊನೆಯೇ ಇಲ್ಲ.

ಅಗೆದವರು ಈ ಲೆಕ್ಕವನ್ನು ಹಿಂದಿನಿಂದ ಮಾಡುತ್ತಾರೆ. ಚೂರಿನ ಗುರುತಿನೊಳಗೆ ಮೆತ್ತನೆ ಮೇಣವನ್ನೋ ಸಿಲಿಕೋನನ್ನೋ ಒತ್ತಿ ತೆಗೆದರೆ ಹಗ್ಗದ ಪಡಿಯಚ್ಚು ಕೈಗೆ ಬರುತ್ತೆ. ಇದೇ ಉಪಾಯದಿಂದ ಜಪಾನಿನಲ್ಲಿ ಬೇರೆ ತೂತುಗಳನ್ನೂ ಓದಿದರು. ಮಣ್ಣು ಕಲಸುವಾಗ ಸೇರಿಹೋದ ಸೋಯಾ ಅವರೆಯ ಅಚ್ಚು ಸಿಕ್ಕಿತು, ಕಾಳು ಕೊರೆಯುವ ಮೂತಿಹುಳುವಿನದ್ದೂ ಸಿಕ್ಕಿತು. ಹುಳು ಬಿದ್ದ ದವಸದ ಕಷ್ಟ ಆ ಮನೆಗೂ ಗೊತ್ತಿತ್ತು ಅಂತಾಯ್ತು.

ಜೋಮೊನ್ ಜನ ಮುಖ್ಯವಾಗಿ ಬೇಟೆ, ಮೀನು, ಕಾಡಿನ ಕಾಯಿಗಳ ಮೇಲೆ ಬದುಕಿದವರು. ರೈತರ ಮನೆಯ ಹಗ್ಗ ಮಣ್ಣಿಗೆ ಹೇಗೆ ಅಂಟಿತು ಅಂತ ನೋಡಬೇಕಾದರೆ ನಮ್ಮ ದೇಶಕ್ಕೇ ಬರಬಹುದು. ಉತ್ತರ ಪ್ರದೇಶದಲ್ಲಿ, ಪ್ರಯಾಗರಾಜ್ ಸೀಮೆಯ ಬೇಲನ್ ನದಿಯ ಆಚೀಚೆ ದಡದಲ್ಲಿ ಕೋಲ್ಡಿಹ್ವಾ ಮತ್ತು ಮಹಗಡಾ ಅಂತ ಎರಡು ಹಳೇ ನೆಲೆಗಳಿವೆ. 1970ರ ದಶಕದಲ್ಲಿ ಅಲಹಾಬಾದ್ ವಿಶ್ವವಿದ್ಯಾಲಯದ ಜಿ. ಆರ್. ಶರ್ಮ ಮತ್ತು ಅವರ ತಂಡ ಅಗೆಸಿದ ಜಾಗ. ಅಲ್ಲಿನ ಭತ್ತ ಎಷ್ಟು ಹಳೆಯದು ಅನ್ನೋದರ ಮೇಲೆ ವಿದ್ವಾಂಸರಲ್ಲಿ ಇವತ್ತಿಗೂ ವಾದ ಮುಗಿದಿಲ್ಲ. ಆದರೆ ಅಲ್ಲಿ ಸಿಕ್ಕ ಮಡಕೆ ಚೂರುಗಳನ್ನು ನೋಡಿದರೆ ಹಳ್ಳಿಯಲ್ಲಿ ಬೆಳೆದವರಿಗೆ ವಿವರಣೆಯೇ ಬೇಡ. ಹೊರಮೈ ತುಂಬ ಹಗ್ಗದ ಗುರುತು, ಒಡೆದ ಅಂಚಿನಲ್ಲಿ ಭತ್ತದ ಹೊಟ್ಟು.

ಹೊಟ್ಟು ಯಾಕೆ? ಬರೀ ಜಿಗಟು ಮಣ್ಣು ಒಣಗುವಾಗ ಬಿರುಕು ಬಿಡುತ್ತೆ. ಹೊಟ್ಟು ಬೆರೆಸಿದರೆ ಹಿಡಿತ ಬರುತ್ತೆ, ಸುಡುವಾಗ ಹೊಟ್ಟು ಉರಿದುಹೋಗಿ ಸಣ್ಣ ಸಣ್ಣ ತೂತು ಉಳಿದು ಹಬೆ ಹೊರಗೆ ಹೋಗಲಿಕ್ಕೆ ದಾರಿಯಾಗುತ್ತೆ. ಹಸಿ ಇಟ್ಟಿಗೆ ಕೊಯ್ಯುವಾಗ ನಮ್ಮವರು ಹೊಟ್ಟು ತುಳಿಸುತ್ತಿದ್ದದ್ದೂ ಬಿರುಕು ಬಿಡದಿರಲಿ ಅಂತಲೇ. ಇನ್ನು ಹಗ್ಗ? ಚಕ್ರ ಇಲ್ಲದ ಕಾಲದಲ್ಲಿ ಮಡಕೆಯ ಗೋಡೆಯನ್ನು ಹಲಗೆಯಿಂದ ತಟ್ಟಿ ತಟ್ಟಿ ತೆಳುಮಾಡಬೇಕು. ಬೋಳು ಹಲಗೆ ಹಸಿ ಮಣ್ಣಿಗೆ ಅಂಟಿಕೊಂಡು ಕಿತ್ತು ಬರುತ್ತೆ. ಹಲಗೆಗೆ ಹುರಿ ಸುತ್ತಿದರೆ ಅಂಟಲ್ಲ, ಮಣ್ಣೂ ಗಟ್ಟಿಯಾಗಿ ಕೂರುತ್ತೆ. ಮೈ ತರಿತರಿಯಾದ್ದರಿಂದ ನೀರು ಮುಟ್ಟಿದ ಕೈಯಿಂದ ಎತ್ತಿದರೂ ಜಾರಲ್ಲ. ಅಂದರೆ ಗಾಜಿನ ಪೆಟ್ಟಿಗೆಯಲ್ಲಿಟ್ಟು ನಾವು ಅಲಂಕಾರ ಅಂತ ನೋಡೋದು ಮೊದಲಿಗೆ ಕೆಲಸದ ಗುರುತು. ಅದು ಚೆನ್ನಾಗಿ ಕಾಣುತ್ತೆ ಅಂತ ಯಾರಿಗೋ ಅನ್ನಿಸಿದ್ದು ಆಮೇಲೆ ಇರಬೇಕು.

ಕಾಶ್ಮೀರದ ಬುರ್ಜಹೋಮ್‌ನಲ್ಲಿ ಸಿಕ್ಕ ಮಡಕೆಗಳದ್ದೂ ಇದೇ ಕತೆ. ಅವುಗಳ ತಳದಲ್ಲಿ ಚಾಪೆಯ ಗುರುತು ಇದೆ. ಚಾಪೆಯ ತುಂಡಿನ ಮೇಲೆ ಕೂರಿಸಿ ಮಡಕೆ ಕಟ್ಟಿದ್ದರಿಂದ ಬಿದ್ದ ಅಚ್ಚು. ಕಟ್ಟುತ್ತಾ ಕಟ್ಟುತ್ತಾ ತಿರುಗಿಸಬೇಕಾದರೆ ಚಾಪೆಯನ್ನೇ ತಿರುಗಿಸಿದರಾಯಿತು. ಕುಂಬಾರನ ಚಕ್ರ ಬರೋ ಮೊದಲು ಚಾಪೆಯೇ ಚಕ್ರ.

ಮಹಗಡಾದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಮಡಕೆಯಲ್ಲ, ಒಂದು ಕೊಟ್ಟಿಗೆ. ಗುಡಿಸಲುಗಳ ನಡುವೆ ಸುಮಾರು 12.5 ಮೀಟರ್ ಉದ್ದ, 7.5 ಮೀಟರ್ ಅಗಲದ ಒಂದು ದೊಡ್ಡಿ. ಸುತ್ತ ಗೂಟ ನೆಟ್ಟ ಕುಳಿಗಳು, ಒಳಗಿನ ನೆಲದ ತುಂಬ ದನದ ಗೊರಸಿನ ಗುರುತು. ಯಾವತ್ತೋ ಒಂದು ದಿನ ಮಳೆ ಬಂದು ಕೆಸರಾದ ನೆಲವನ್ನು ದನಗಳು ತುಳಿದಿವೆ, ಅದು ಹಾಗೇ ಒಣಗಿ ಮುಚ್ಚಿಹೋಗಿದೆ. ನಮ್ಮ ರಾಯಚೂರಿಗೆ ದೂರವಲ್ಲದ, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲೂ ಇಂಥದ್ದೇ ಸಿಕ್ಕಿದೆ. 1957ರಲ್ಲಿ ರೇಮಂಡ್ ಆಲ್ಚಿನ್ ಅಲ್ಲಿನ ಬೂದಿದಿಬ್ಬ ಅಗೆದಾಗ ಗೂಟದ ಬೇಲಿಯ ಕುಳಿಗಳೂ ದನದ ಹೆಜ್ಜೆಗಳೂ ಕಂಡವು. ಬಳ್ಳಾರಿ, ರಾಯಚೂರು ಕಡೆಯ ಬೂದಿದಿಬ್ಬಗಳನ್ನು ಜನ ರಾಕ್ಷಸರನ್ನು ಸುಟ್ಟ ಬೂದಿ ಅಂತ ಹೇಳುತ್ತಿದ್ದರು. ಅದು ದೊಡ್ಡಿಗಳಲ್ಲಿ ರಾಶಿಬಿದ್ದ ಸೆಗಣಿ ಸುಟ್ಟ ಬೂದಿ ಅಂತ ಆಲ್ಚಿನ್ ವಾದಿಸಿದರು, ಈಗ ಬಹುತೇಕ ಎಲ್ಲರೂ ಒಪ್ಪಿದ್ದಾರೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನಗಳ ಹೆಜ್ಜೆ ಇದೆ, ಅವನ್ನು ಕಟ್ಟಿದ್ದ ಕಣ್ಣಿ ಇಲ್ಲ.

ಯುರೋಪಿನಲ್ಲೂ ಹೀಗೇ. ರೈನ್ ನದಿಯಿಂದ ವೋಲ್ಗಾವರೆಗೆ, ಕ್ರಿಸ್ತಪೂರ್ವ 2900ರ ಆಸುಪಾಸಿನಿಂದ ಹರಡಿದ್ದ ದನಗಾಹಿ ಬೇಸಾಯಗಾರರ ಒಂದು ಸಂಸ್ಕೃತಿಗೆ ಜರ್ಮನ್ ವಿದ್ವಾಂಸರು ಇಟ್ಟ ಹೆಸರು 'ಹುರಿಗುರುತಿನ ಮಡಕೆ' ಅಂತಲೇ. ಅವರು ಹೊಸೆದ ಹುರಿ ಮಾತ್ರ ಹೆಚ್ಚೂಕಮ್ಮಿ ಪೂರ್ತಿ ಮಣ್ಣಾಗಿದೆ.

ಇಲ್ಲಿ ಒಂದು ಪ್ರಶ್ನೆ ಕೇಳಲೇಬೇಕು. ಈ ದಾರ ಹೊಸೆದವರು ಯಾರು? ಎಲಿಜಬೆತ್ ವೇಲ್ಯಾಂಡ್ ಬಾರ್ಬರ್ ಅನ್ನೋ ವಿದ್ವಾಂಸರು 1994ರಲ್ಲಿ ಇದೇ ವಿಷಯದ ಮೇಲೆ ಒಂದು ಪುಸ್ತಕ ಬರೆದರು. ಜೂಡಿತ್ ಬ್ರೌನ್ 1970ರಲ್ಲಿ ಮಂಡಿಸಿದ್ದ ಒಂದು ವಿಚಾರ ಅದಕ್ಕೆ ಬುನಾದಿ. ಎಳೆ ಮಗುವನ್ನು ಪಕ್ಕದಲ್ಲಿಟ್ಟುಕೊಂಡು ಮಾಡಬಹುದಾದ ಕೆಲಸ ಎಂಥದ್ದು? ಮನೆ ಹತ್ತಿರದ್ದು, ಮಗುವಿಗೆ ಅಪಾಯ ಇಲ್ಲದ್ದು, ಮಗು ಅತ್ತರೆ ಎದ್ದು ಹೋಗಿ ಬಂದು ಬಿಟ್ಟಲ್ಲಿಂದಲೇ ಮುಂದುವರಿಸಬಹುದಾದದ್ದು. ನೂಲುವುದು, ನೇಯುವುದು, ಹೆಣೆಯುವುದು ಇದಕ್ಕೆ ಸರಿಯಾಗಿ ಹೊಂದುತ್ತೆ. ಎಲ್ಲ ಕಡೆಯೂ ಹೀಗೇ ಇತ್ತು ಅಂತಲ್ಲ. ನಮ್ಮಲ್ಲಿ ಪುಂಡಿ ನಾರು, ಕತ್ತಾಳೆ ನಾರಿನ ಹಗ್ಗ ಹೊಸೆಯೋದು ಗಂಡಸರ ಕೆಲಸವೂ ಹೌದು. ಆದರೂ ಜಗತ್ತಿನ ದಾರದಲ್ಲಿ ಬಹುಪಾಲು ಹೆಂಗಸರ ಬೆರಳಿಂದ ಬಂದದ್ದು. ಕೊಳೆಯುವ ವಸ್ತು ಮಾಡಿದವರು ಚರಿತ್ರೆಯಲ್ಲಿ ಕಾಣಲ್ಲ, ಕೊಳೆಯದ ವಸ್ತು ಮಾಡಿದವರು ಕಾಣುತ್ತಾರೆ. ಕೊಡಲಿ ಉಳಿಯಿತು, ಆದ್ದರಿಂದ ಬೇಟೆಗಾರ ನಾಯಕನಾದ. ಮಣ್ಣಿನ ಚೂರಿನ ಮೇಲಿನ ಆ ಓರೆ ಗೆರೆಗಳು ಇಲ್ಲದಿದ್ದರೆ ಇನ್ನೊಂದು ಅರ್ಧದ ದುಡಿಮೆಗೆ ದಾಖಲೆಯೇ ಇರುತ್ತಿರಲಿಲ್ಲ.

ನಮ್ಮ ಭಾಷೆ ಮಾತ್ರ ಈ ಕೆಲಸಗಳನ್ನು ಮರೆತಿಲ್ಲ. ಕತೆ ಹೆಣೆಯುತ್ತೇವೆ, ಕವನ ಹೊಸೆಯುತ್ತೇವೆ, ಮಾತಿನ ಎಳೆ ಹಿಡಿಯುತ್ತೇವೆ. ಹೊಸೆಯೋದಕ್ಕೆ ತೊಡೆ, ಅಂಗೈ ಸಾಕು ಅನ್ನೋದು ಗೊತ್ತಿಲ್ಲದವರೂ ಹೀಗೇ ಮಾತಾಡುತ್ತೇವೆ.

ಕಾಲ ಕಳೆದಂತೆ ಮಣ್ಣು ಮತ್ತು ದಾರದ ಸಂಬಂಧ ತಿರುಗುಮುರುಗಾಯಿತು. ದಾರ ಮಣ್ಣಿನ ಮೇಲೆ ಗುರುತು ಬಿಡುತ್ತಿದ್ದದ್ದು ಹೋಗಿ, ಮಣ್ಣೇ ದಾರದ ವೇಷ ಹಾಕಿತು. ಜರ್ಮನಿಯ ಪಿಂಗಾಣಿ ಕೆಲಸಗಾರರು ನಿಜವಾದ ಹತ್ತಿಯ ಲೇಸನ್ನು ತೆಳ್ಳಗೆ ಕಲಸಿದ ಪಿಂಗಾಣಿ ಮಣ್ಣಿನಲ್ಲಿ ಅದ್ದಿ ಗೊಂಬೆಗೆ ಲಂಗದ ಹಾಗೆ ಉಡಿಸಿ ಸುಡುತ್ತಿದ್ದರು. ಗೂಡಿನೊಳಗೆ ಹತ್ತಿ ಸುಟ್ಟು ಹೋಗುತ್ತೆ, ಎಳೆ ಎಳೆಯಾಗಿ ಪಿಂಗಾಣಿ ನಿಲ್ಲುತ್ತೆ. 'ಡ್ರೆಸ್ಡನ್ ಲೇಸ್' ಅಂತ ಹೆಸರು. ಬೆರಳು ಜೋರಾಗಿ ತಾಗಿದರೆ ಮುರಿಯುವಷ್ಟು ನಾಜೂಕು.

ಐರ್ಲೆಂಡಿನದು ರೈತರಿಗೆ ಹತ್ತಿರದ ಕತೆ. 1845ರಿಂದ ಆಲೂಗಡ್ಡೆಗೆ ರೋಗ ಬಿದ್ದು ಬಂದ ಬರದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು, ಅಷ್ಟೇ ಜನ ದೇಶ ಬಿಟ್ಟರು. ಆ ಬರದ ಬೆನ್ನಿಗೇ ಫರ್ಮಾನಾ ಸೀಮೆಯಲ್ಲಿ ಜಾನ್ ಕಾಲ್ಡ್‌ವೆಲ್ ಬ್ಲೂಮ್‌ಫೀಲ್ಡ್ ಅನ್ನೋ ಜಮೀನ್ದಾರರ ಕೈಗೆ ಆಸ್ತಿ ಬಂತು. ಒಬ್ಬ ಗೇಣಿದಾರನ ಗುಡಿಸಲಿನ ಗೋಡೆ ವಿಪರೀತ ಬಿಳಿ ಇದ್ದದ್ದು ನೋಡಿ, ಅವನು ಬಳಿದ ಮಣ್ಣನ್ನು ಪರೀಕ್ಷೆ ಮಾಡಿಸಿದಾಗ ಪಿಂಗಾಣಿಗೆ ಬೇಕಾದ ಮಣ್ಣು ಅಲ್ಲಿದೆ ಅಂತ ತಿಳಿಯಿತು ಅನ್ನೋದು ಅಲ್ಲಿಯ ಕತೆ. 1857ರಲ್ಲಿ ಬೆಲೀಕ್ ಊರಲ್ಲಿ ಪಿಂಗಾಣಿ ಕಾರ್ಖಾನೆ ಶುರುವಾಯಿತು. ಅದರ ಹೆಸರು ಉಳಿಸಿದ್ದು ಬುಟ್ಟಿಗಳು. ಗೋಂದು ಬೆರೆಸಿದ ಮಣ್ಣನ್ನು ಶಾವಿಗೆಯ ಹಾಗೆ ಒತ್ತಿ, ಆ ಎಳೆಗಳನ್ನು ಕೈಯಿಂದ ಒಂದರ ಮೇಲೊಂದು ಹೆಣೆದು ಮಾಡಿದ ಬುಟ್ಟಿ. ಹೊಲದಲ್ಲಿ ಆಲೂಗಡ್ಡೆ ಹೊರುವ ಬುಟ್ಟಿ ಶ್ರೀಮಂತರ ಮೇಜಿನ ಮೇಲೆ ಪಿಂಗಾಣಿಯಾಗಿ ಕೂತಿತು ಅನ್ನಬಹುದು.

ಅದೇ ದೇಶದ ಪಶ್ಚಿಮಕ್ಕೆ, ಸಮುದ್ರದಲ್ಲಿ ಆ್ಯರನ್ ಅಂತ ಮೂರು ದ್ವೀಪಗಳಿವೆ. ಬರೀ ಸುಣ್ಣಕಲ್ಲು, ಮಣ್ಣೇ ಇಲ್ಲ. ಅಲ್ಲಿನ ಜನ ಕಡಲ ಪಾಚಿ ಮತ್ತು ಮರಳನ್ನು ಬೆನ್ನ ಮೇಲೆ ಹೊತ್ತು ತಂದು ಬಂಡೆ ಮೇಲೆ ಹಾಸಿ, ಹೊಲವನ್ನೇ ತಯಾರು ಮಾಡಿ ಆಲೂಗಡ್ಡೆ ಬೆಳೆದರು. ಬಡ ಜಿಲ್ಲೆಗಳಿಗಾಗಿ ಸರ್ಕಾರ 1891ರಲ್ಲಿ ಮಾಡಿದ ಮಂಡಳಿ ಅಲ್ಲಿ ಮೀನುಗಾರಿಕೆಗೆ ಒತ್ತು ಕೊಟ್ಟಿತು. ಅದರ ಹಿಂದೆಯೇ ಹೊರಗಿನ ಮೀನುಗಾರರ ಸ್ವೆಟರ್ ಹೆಣಿಗೆಯೂ ಬಂತು. ದ್ವೀಪದ ಹೆಂಗಸರು ಅದನ್ನು ತಮ್ಮದೇ ಮಾಡಿಕೊಂಡು, ಹುರಿ, ಜೇನುಗೂಡು, ವಜ್ರದ ವಿನ್ಯಾಸ ಹಾಕಿ ಮಾರಿ ನಾಲ್ಕು ಕಾಸು ನೋಡಿದರು. ಆಮೇಲೆ ಒಬ್ಬ ಉಣ್ಣೆ ವ್ಯಾಪಾರಿ, ಹೈನ್ಸ್ ಕೀವೆ, 1936ರಲ್ಲಿ ಡಬ್ಲಿನ್‌ನಲ್ಲಿ ಅಂಥದ್ದೊಂದು ಸ್ವೆಟರ್ ನೋಡಿ, ಇದು ಸಾವಿರ ವರ್ಷದ ಪುರಾತನ ಕಲೆ ಅಂತ ಪ್ರಚಾರ ಮಾಡಿದರು. ಒಂದೊಂದು ಮನೆತನಕ್ಕೆ ಒಂದೊಂದು ವಿನ್ಯಾಸ, ಮುಳುಗಿ ಸತ್ತವನನ್ನು ಸ್ವೆಟರ್ ನೋಡಿ ಗುರುತಿಸುತ್ತಿದ್ದರು ಅಂತೆಲ್ಲ ಕತೆ ಬೆಳೆಯಿತು. ಸಿಂಜ್ ಬರೆದ 1904ರ ನಾಟಕವೊಂದರಲ್ಲಿ ತಂಗಿ ತಾನು ಹೆಣೆದ ಕಾಲುಚೀಲದ ಬಿಟ್ಟುಹೋದ ಹೊಲಿಗೆ ನೋಡಿ ಅಣ್ಣನ ಸಾವನ್ನು ತಿಳಿಯುತ್ತಾಳೆ. ಅದೇ ಬೆಳೆದು ಬೆಳೆದು ಮನೆತನದ ಸ್ವೆಟರ್ ಆಯ್ತು ಅಂತ ಕಾಣುತ್ತೆ. ರಿಚರ್ಡ್ ರಟ್ 1987ರ ತಮ್ಮ ಹೆಣಿಗೆಯ ಚರಿತ್ರೆಯಲ್ಲಿ ಈ ಪುರಾತನದ ಮಾತನ್ನೆಲ್ಲ ಬಿಡಿಸಿ ಹಾಕಿದರು.

ಇವತ್ತು ಪಿಂಗಾಣಿ ಕಲಾವಿದರು ಹೆಣೆದ ಉಣ್ಣೆ ಬಟ್ಟೆಯನ್ನು ಹಸಿ ಮಣ್ಣಿನ ಹಾಳೆಗೆ ಒತ್ತಿ, ಅದನ್ನು ಸುತ್ತಿ ಲೋಟ, ಹೂಜಿ, ಹೂದಾನಿ ಮಾಡುತ್ತಾರೆ. ಕೆಲವರು ಹೆಣೆದದ್ದನ್ನೇ ಮಣ್ಣಿನ ರಾಡಿಯಲ್ಲಿ ಅದ್ದಿ ಸುಡುತ್ತಾರೆ, ಡ್ರೆಸ್ಡನ್ ಲೇಸಿನ ಹಾಗೆ. ಹಳೇ ರೈತಾಪಿ ಬದುಕಿನ ನೆನಪು ಅಂತ ಅದಕ್ಕೆ ಚೀಟಿ ಅಂಟಿಸುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಬೇಲನ್ ದಡದವರು ಮಾಡಿದ್ದೂ ಇದನ್ನೇ ತಾನೇ. ಆದರೆ ನೆನಪು ಅಂದರೆ ಯಾವುದರ ನೆನಪು ಅಂತ ಕೇಳಿಕೊಳ್ಳಬೇಕು. ಸುಳ್ಳು ಮನೆತನದ ಕತೆ ಬೇಡ. ಬಂಡೆ ಮೇಲೆ ಪಾಚಿ ಹೊತ್ತು ಹೊಲ ಮಾಡಿದ ಮನೆಯ ಹೆಂಗಸು ಸಂಜೆ ಬೆಳಕಲ್ಲಿ ಕೂಲಿಗೆ ಹೆಣೆದಳು ಅನ್ನೋ ನಿಜವೇ ಸಾಕಷ್ಟು ದೊಡ್ಡದು.

ನಮ್ಮಲ್ಲಿ ನೆಲವು ಹೋಗಿ ಫ್ರಿಜ್ ಬಂತು, ಪುಂಡಿ ಹಗ್ಗ ಹೋಗಿ ನೈಲಾನ್ ಬಂತು, ಮಣ್ಣಿನ ಕೊಡ ಹೋಗಿ ಪ್ಲಾಸ್ಟಿಕ್ ಬಂತು. ಅನುಕೂಲ ಆಯ್ತು, ಅದನ್ನು ಅಲ್ಲಗಳೆಯಲ್ಲ. ಪ್ಲಾಸ್ಟಿಕ್ ಹಗ್ಗ ಕೊಳೆಯೋದೂ ಇಲ್ಲ, ಮುಂದೆ ಅಗೆಯುವವರಿಗೆ ರಾಶಿರಾಶಿ ಸಿಗುತ್ತೆ. ಆದರೆ ಅದನ್ನು ಹೊಸೆದ ಕೈ ಬಲಕ್ಕೆ ತಿರುಗಿಸಿತೋ ಎಡಕ್ಕೋ ಅಂತ ಓದಲಿಕ್ಕೆ ಅದರಲ್ಲಿ ಕೈಯೇ ಇರಲ್ಲ.

ಒಂದು ಗುರುತು ಮಾತ್ರ ಇನ್ನೂ ನಮ್ಮ ಮನೆಗಳಿಗೆ ಬರುತ್ತಿದೆ. ಚಕ್ರ ಬಂದ ಮೇಲೆ ಮಡಕೆಯ ಮೈ ನುಣುಪಾಯಿತು, ಹಗ್ಗದ ಕೆಲಸ ಕಡಿಮೆಯಾಯಿತು. ನಮ್ಮ ದೇಶದ ಬಹಳ ಕಡೆ ಹೆಂಗಸರು ಚಕ್ರಕ್ಕೆ ಕೈ ಹಾಕಬಾರದು ಅನ್ನೋ ಕಟ್ಟಳೆಯೂ ಬಂತು, ಮಣ್ಣು ಹದ ಮಾಡೋದು ಮಾತ್ರ ಅವರಿಗೆ ಉಳಿಯಿತು. ಆದರೆ ತಿರುಗುವ ಚಕ್ರದ ಮೇಲಿಂದ ಹಸಿ ಹಣತೆಯನ್ನು ಬಿಡಿಸೋದು ಇವತ್ತಿಗೂ ಒಂದು ದಾರದಿಂದಲೇ. ಮುಂದಿನ ದೀಪಾವಳಿಗೆ ಕುಂಬಾರರ ಹತ್ತಿರ ತಂದ ಹಣತೆಗೆ ಎಣ್ಣೆ ಹಾಕುವ ಮೊದಲು ತಿರುಗಿಸಿ ತಳ ನೋಡಿ. ಅಚ್ಚಿನಲ್ಲಿ ಒತ್ತಿದ್ದರೆ ಏನೂ ಇರಲ್ಲ. ಚಕ್ರದಲ್ಲಿ ಮಾಡಿದ್ದರೆ ಬಾಗಿದ ಸಣ್ಣ ಸಣ್ಣ ಗೆರೆಗಳು ಕಾಣುತ್ತವೆ, ಚಿಪ್ಪಿನ ಮೈಯ ಹಾಗೆ. ಅದು ದಾರ ಹರಿದುಹೋದ ದಾರಿ. ಮ್ಯೂಸಿಯಂಗೆ ಹೋದಾಗಲೂ ಅಷ್ಟೇ, ಮಡಕೆಯ ಬಾಯಿ ನೋಡಿ ಮುಂದೆ ಹೋಗಬೇಡಿ. ಕನ್ನಡಿ ಇಟ್ಟಿದ್ದರೆ ಬಗ್ಗಿ ತಳವನ್ನೂ ನೋಡಿ.